ಹದಿಮೂರರ ಮಗಳಿಗೆ ದೆವ್ವದ ಕಾದಂಬರಿ ಬೇಕಂತೆ: ಯಾವುದನ್ನು ಕೊಡಲಿ?

ನಿದ್ದೆಗೆಟ್ಟ ಅಮ್ಮ

ಮಗಳಿಗೆ ಹದಿಮೂರು ತುಂಬಿದೆ. ಕನ್ನಡ, ಇಂಗ್ಲಿಷ್ ಎರಡನ್ನೂ ಸರಾಗವಾಗಿ ಓದುತ್ತಾಳೆ. ದೊಡ್ಡಮ್ಮನ ಮಗಳು ಕೊಟ್ಟ ‘ಟ್ವೈಲೈಟ್’ ಎಂಬ ರಕ್ತಪಿಶಾಚಿಯ ಪ್ರೇಮಕತೆಯನ್ನು ರಜೆಯಲ್ಲಿ ಮುಗಿಸಿ, ‘ಇಂಥದ್ದೇ ಬೇಕು, ಆದರೆ ಇಷ್ಟೊಂದು ನಿಟ್ಟುಸಿರು ಇರಬಾರದು’ ಎಂದು ಷರತ್ತು ಹಾಕಿದ್ದಾಳೆ. ದೆವ್ವ ಇರಬೇಕು, ರಕ್ತಪಿಶಾಚಿ ಇದ್ದರೂ ಅಡ್ಡಿಯಿಲ್ಲ, ಕತೆ ಓಡಬೇಕು. ನನಗೋ ದೆವ್ವದ ಸಿನಿಮಾದ ಜಾಹೀರಾತು ಬಂದರೂ ರಿಮೋಟ್ ಹುಡುಕುವ ಜಾಯಮಾನ. ಪುಸ್ತಕದ ಅಂಗಡಿಯೊಂದರಲ್ಲಿ ಕೇಳಿದೆ. ತೋರಿಸಿದ್ದಕ್ಕೆಲ್ಲ ಕಪ್ಪು ರಕ್ಷಾಪುಟ, ಕೆಂಪು ಅಕ್ಷರ, ಅರ್ಧ ಮುಖದ ಹುಡುಗಿ. ಒಳಗೇನಿದೆ ಎಂದು ತಿಳಿಯುವುದು ಹೇಗೆ?

ಓದಿದವರು, ಮಕ್ಕಳಿಗೆ ಓದಿಸಿದವರು ಹೇಳಿ. ಕನ್ನಡದ್ದಾದರೆ ಇನ್ನೂ ಸಂತೋಷ. ‘ದೆವ್ವದ ಪುಸ್ತಕವೇ ಯಾಕೆ’ ಎಂಬ ಪ್ರಶ್ನೆಯನ್ನು ನಮ್ಮ ಮನೆಯಲ್ಲಿಯೇ ಸಾಕಷ್ಟು ಕೇಳಲಾಗಿದೆ. ಅದೊಂದನ್ನು ಬಿಟ್ಟು ಬೇರೆ ಏನು ಹೇಳಿದರೂ ಉಪಕಾರ.

ಪುಟ 113

‘ಟ್ವೈಲೈಟ್’ ಎಂದ ಕೂಡಲೇ ಮೂಗು ಮುರಿಯುವವರು ಬರುವ ಮೊದಲು ಒಂದು ಮಾತು. 2005ರಿಂದ 2008ರವರೆಗೆ ಬಂದ ಆ ನಾಲ್ಕು ಪುಸ್ತಕಗಳನ್ನು ನಾನು ಪ್ರೌಢಶಾಲೆಯಲ್ಲಿದ್ದಾಗ ಓದಿದೆ. ಅದಕ್ಕೆ ಮೊದಲು ಪಠ್ಯದ ಹೊರಗೆ ಇಂಗ್ಲಿಷಿನಲ್ಲಿ ಓದಿದ್ದು ಏನೂ ಇರಲಿಲ್ಲ. ದಪ್ಪ ಪುಸ್ತಕ ಕಂಡರೆ ದೂರ ಸರಿಯುವ ಚಾಳಿಯನ್ನು ನನಗೆ ಬಿಡಿಸಿದ್ದು ಆ ರಕ್ತಪಿಶಾಚಿಯೇ. ಈಗ ಮತ್ತೆ ತೆರೆದರೆ, ರಕ್ತಪಿಶಾಚಿ ಎಡ್ವರ್ಡ್ ರಾತ್ರಿ ಹೊತ್ತು ಕೋಣೆಯೊಳಗೆ ಬಂದು ನಾಯಕಿ ಬೆಲ್ಲಾ ಮಲಗಿರುವುದನ್ನು ನೋಡುತ್ತ ಕೂರುವ ಭಾಗ ಮುಜುಗರ ತರುತ್ತದೆ, ನಿಜ. 1918ರಿಂದ ಹದಿನೇಳರಲ್ಲಿಯೇ ನಿಂತಿರುವ ಆಸಾಮಿ! ಆದರೆ ನಿಮ್ಮ ಮಗಳು ತಾನಾಗಿಯೇ ‘ನಿಟ್ಟುಸಿರು ಜಾಸ್ತಿ’ ಎಂದಿದ್ದಾಳಲ್ಲ, ಅವಳ ಬಗ್ಗೆ ಚಿಂತೆ ಬೇಡ.

ನನ್ನ ಮತ ಮ್ಯಾಗಿ ಸ್ಟೀಫ್‌ವಾಟರ್ ಅವರ ‘ದಿ ರೇವನ್ ಬಾಯ್ಸ್’ (2012) ಕಡೆಗೆ. ವರ್ಜೀನಿಯಾದ ಒಂದು ಸಣ್ಣ ಊರು, ಮನೆ ತುಂಬ ಕಣಿ ಹೇಳುವ ಹೆಂಗಸರು, ಅವರ ನಡುವೆ ಭವಿಷ್ಯ ಕಾಣದ ಒಬ್ಬಳೇ ಹುಡುಗಿ ಬ್ಲೂ. ಏಪ್ರಿಲ್ 24ರ ರಾತ್ರಿ ಪಾಳು ಚರ್ಚಿನ ಬಳಿ ಕೂತರೆ, ಮುಂದಿನ ಒಂದು ವರ್ಷದಲ್ಲಿ ಸಾಯಲಿರುವವರ ಛಾಯೆಗಳು ಸಾಲಾಗಿ ಹಾದುಹೋಗುತ್ತವೆ. ಹಿರಿಯಳೊಬ್ಬಳು ಹೆಸರು ಕೇಳುತ್ತಾಳೆ, ಬ್ಲೂ ಬರೆದುಕೊಳ್ಳುತ್ತಾಳೆ. ಅವಳಿಗೆ ಯಾರೂ ಕಾಣಿಸುವುದಿಲ್ಲ. ಆ ವರ್ಷ ಒಬ್ಬ ಹುಡುಗ ಕಾಣಿಸುತ್ತಾನೆ. ಇಲ್ಲಿಂದ ಮುಂದೆ ನಾನು ಬಾಯಿ ಬಿಡುವುದಿಲ್ಲ.

ಕಪಾಟಿನ ಕಾವಲು

ನಾನು ಮಲೆನಾಡಿನ ಒಂದು ಶಾಲೆಯ ಗ್ರಂಥಾಲಯ ನೋಡಿಕೊಳ್ಳುವವಳು. ‘ರೇವನ್ ಬಾಯ್ಸ್’ ಒಳ್ಳೆಯ ಪುಸ್ತಕ, ಒಪ್ಪುತ್ತೇನೆ. ಆದರೆ ‘ಕತೆ ಓಡಬೇಕು’ ಎಂದವಳಿಗೆ ಅದು ಮೊದಲನೆಯದಾಗಿ ಬೇಡ. ಅದು ನಿಧಾನಕ್ಕೆ ಕಾಯುವ ಪುಸ್ತಕ. ಇನ್ನೆರಡು ವರ್ಷ ಕಳೆದರೆ ಅದರ ರುಚಿ ಬೇರೆಯೇ.

ರಕ್ಷಾಪುಟದ ಹಿಂದೆ ಮುದ್ರಿಸುವ ‘12+’, ‘14+’ಗಳನ್ನು ನಾನು ನೋಡುವುದನ್ನೇ ಬಿಟ್ಟಿದ್ದೇನೆ. ಮಕ್ಕಳನ್ನು ಕೇಳುವುದು ಒಂದೇ ಪ್ರಶ್ನೆ: ಅರ್ಧಕ್ಕೆ ಬಿಟ್ಟ ಪುಸ್ತಕ ಯಾವುದು, ಎಲ್ಲಿ ಬಿಟ್ಟೆ? ಇಷ್ಟವಾದದ್ದು ಯಾವುದೆಂದು ಕೇಳಿದರೆ ಗೆಳತಿಯರಿಗೆ ಇಷ್ಟವಾದದ್ದನ್ನು ಹೇಳುತ್ತಾರೆ. ಬಿಟ್ಟದ್ದನ್ನು ಕೇಳಿದರೆ ನಿಜ ಹೊರಬರುತ್ತದೆ. ಬೇಸರದಿಂದ ಬಿಟ್ಟವರಿಗೆ ಒಂದು ಪುಸ್ತಕ, ಹೆದರಿ ಬಿಟ್ಟವರಿಗೆ ಇನ್ನೊಂದು.

ಹೆದರಿ ಬಿಟ್ಟವರ ಮಾತು ಕೇಳಿ ಕೇಳಿ ನನಗೊಂದು ಖಚಿತವಾಗಿದೆ. ನಿದ್ದೆ ಕೆಡಿಸುವುದು ದೆವ್ವವಲ್ಲ, ಕಾನೂನಿಲ್ಲದ ದೆವ್ವ. ಎಲ್ಲಿ ಬೇಕಾದರೂ, ಯಾವಾಗ ಬೇಕಾದರೂ, ಯಾಕೆಂದು ಹೇಳದೆ ಬರುವಂಥದ್ದು. ಅದಕ್ಕೊಂದು ಕಾರಣ, ಒಂದು ಗಡಿ, ಅದನ್ನು ತಡೆಯಲು ಒಂದು ಉಪಾಯ ಇದ್ದರೆ, ಎಷ್ಟೇ ಭಯಂಕರವಾಗಿದ್ದರೂ ಹದಿಮೂರರ ಮಗು ಅದನ್ನು ನಿಭಾಯಿಸುತ್ತದೆ. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರಲ್ಲ, ಅದನ್ನು ನೆನೆಸಿಕೊಳ್ಳಿ. ರಾತ್ರಿ ಬಾಗಿಲು ಬಡಿಯುವ ದೆವ್ವ ಆ ಬರಹ ಓದಿ ಮರಳಿ ಹೋಗುತ್ತದೆ, ಮರುದಿನ ಬಂದು ಮತ್ತೆ ಓದುತ್ತದೆ. ಅಕ್ಷರ ಬಲ್ಲ, ಮಾತಿಗೆ ಬೆಲೆ ಕೊಡುವ ದೆವ್ವ! ಒಂದು ತುಂಡು ಸೀಮೆಸುಣ್ಣ ಇದ್ದ ಮನೆಯಲ್ಲಿ ಮಕ್ಕಳು ನಿದ್ದೆ ಮಾಡಿದರು.

ಹಾಗಾಗಿ ನಿಮ್ಮ ಮಗಳಿಗೆ ಜೊನಾಥನ್ ಸ್ಟ್ರೌಡ್ ಅವರ ‘ಲಾಕ್‌ವುಡ್ ಅಂಡ್ ಕೋ’. ಐದು ಪುಸ್ತಕಗಳು, ಮೊದಲನೆಯದು ‘ದಿ ಸ್ಕ್ರೀಮಿಂಗ್ ಸ್ಟೇರ್‌ಕೇಸ್’ 2013ರಲ್ಲಿ, ಕೊನೆಯದು 2017ರಲ್ಲಿ ಬಂತು. ಐವತ್ತಕ್ಕೂ ಹೆಚ್ಚು ವರ್ಷಗಳಿಂದ ಇಂಗ್ಲೆಂಡಿನಲ್ಲಿ ದೆವ್ವಗಳು ಏಳುತ್ತಿವೆ. ಕತ್ತಲಾದರೆ ಊರೇ ಬಾಗಿಲು ಹಾಕಿಕೊಳ್ಳುತ್ತದೆ. ಮುಟ್ಟಿದರೆ ಸಾವು. ಅವುಗಳನ್ನು ಕಾಣುವ, ಕೇಳುವ ಶಕ್ತಿ ಇರುವುದು ಮಕ್ಕಳಿಗೆ ಮಾತ್ರ. ಬೆಳೆದಂತೆ ಅದು ಕುಂದುತ್ತದೆ. ಆದ್ದರಿಂದ ರಾತ್ರಿ ಪಾಳಿಗೆ ಮಕ್ಕಳು ಕತ್ತಿ ಹಿಡಿದು ಒಳಗೆ ಹೋಗುತ್ತಾರೆ, ಮೇಲ್ವಿಚಾರಕರಾದ ದೊಡ್ಡವರು ಹೊರಗೆ ಕೂರುತ್ತಾರೆ. ಈ ಏರ್ಪಾಡಿನಲ್ಲಿರುವ ಅನ್ಯಾಯವನ್ನು ಲೇಖಕರು ಎಲ್ಲಿಯೂ ಭಾಷಣ ಮಾಡಿ ಹೇಳುವುದಿಲ್ಲ. ಮಕ್ಕಳಿಗೆ ಹೇಳಬೇಕಾಗಿಯೂ ಇಲ್ಲ.

ಕಬ್ಬಿಣ, ಉಪ್ಪು, ಬೆಳ್ಳಿ, ಹರಿಯುವ ನೀರು, ಇವು ದೆವ್ವವನ್ನು ತಡೆಯುತ್ತವೆ. ಪ್ರತಿ ದೆವ್ವವೂ ಒಂದು ಮೂಳೆಗೋ ಹಾರಕ್ಕೋ ಅಂಟಿಕೊಂಡಿರುತ್ತದೆ. ಅದನ್ನು ಹುಡುಕಿ ಬೆಳ್ಳಿಯ ಬಲೆಯಿಂದ ಮುಚ್ಚಿದರೆ ಕೆಲಸ ಮುಗಿಯಿತು. ಬಾಣಂತಿಯ ದಿಂಬಿನ ಕೆಳಗೆ ಕಬ್ಬಿಣದ ತುಂಡು ಇಡುವುದನ್ನು ನೋಡಿ ಬೆಳೆದ ನಮ್ಮ ಮಕ್ಕಳಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಮೂವರು ಮಕ್ಕಳೇ ನಡೆಸುವ ಸಂಸ್ಥೆ ಅದು. ಅಡುಗೆಮನೆಯ ಮೇಜಿಗೆ ಹಾಸಿದ ಬಟ್ಟೆಯ ಮೇಲೆಯೇ ನಕ್ಷೆ, ಚೀಟಿ, ಬೈಗುಳ, ಎಲ್ಲವನ್ನೂ ಗೀಚುತ್ತಾರೆ. ಬಿಸ್ಕತ್ತಿಗೂ ಕಾನೂನಿದೆ: ಸರದಿಯಂತೆ ಒಬ್ಬರಿಗೆ ಒಂದೇ. ಗಾಜಿನ ಜಾಡಿಯಲ್ಲಿ ಒಂದು ತಲೆಬುರುಡೆ ಇದೆ; ಅದರ ನಾಲಿಗೆಯ ಬಗ್ಗೆ ನಾನು ಹೇಳುವುದಿಲ್ಲ, ನಿಮ್ಮ ಮಗಳೇ ಬಂದು ಹೇಳುತ್ತಾಳೆ. ಆ ಮೂವರಲ್ಲಿ ಒಬ್ಬಳಾದ ಲೂಸಿಯ ಎದೆಯಲ್ಲಿ ಒಂದಿಷ್ಟು ಪ್ರೀತಿಯೂ ಇದೆ, ಆದರೆ ಅವಳಿಗೆ ನಿಟ್ಟುಸಿರು ಬಿಡಲು ಪುರಸೊತ್ತಿಲ್ಲ.

ಪ್ರಶ್ನಾರ್ಥಕ

ಎಲ್ಲರೂ ಯಾವ ದೆವ್ವ ಒಳ್ಳೆಯದು ಎಂದು ಚರ್ಚಿಸುತ್ತಿದ್ದೀರಿ. ಅಮ್ಮ ಬೇಡವೆಂದರೂ ಆ ಪ್ರಶ್ನೆಯನ್ನು ಕೇಳಲೇಬೇಕು: ದೆವ್ವವೇ ಯಾಕೆ? ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿ ರಚಿಸಿದ ನಾಡು ಇದು. ವಾಮಾಚಾರದ ವಿರುದ್ಧ 2017ರಲ್ಲಿ ಕಾಯ್ದೆಯನ್ನೇ ತರಬೇಕಾಗಿ ಬಂದ ನಾಡೂ ಹೌದು. ದಿಂಬಿನ ಕೆಳಗಿನ ಕಬ್ಬಿಣವನ್ನು ನಗುತ್ತ ಹೇಳಿದಿರಿ. ಅದನ್ನು ನಂಬಿ ಆಸ್ಪತ್ರೆಗೆ ಹೋಗದವರನ್ನು ನಾನು ಕಂಡಿದ್ದೇನೆ. ಹದಿಮೂರರಲ್ಲಿ ಉಪ್ಪು ಎರಚಿದರೆ ದೆವ್ವ ಓಡುತ್ತದೆ ಎಂದು ಓದಿದವರು ಮೂವತ್ತರಲ್ಲಿ ನಿಂಬೆಹಣ್ಣು ಕಟ್ಟುವುದಿಲ್ಲ ಎಂದು ಹೇಗೆ ಹೇಳುತ್ತೀರಿ?

ಕಪಾಟಿನ ಕಾವಲು

ನಿಮ್ಮ ಸಿಟ್ಟಿಗೆ ಕಾರಣವಿದೆ, ಅಲ್ಲಗಳೆಯುವುದಿಲ್ಲ. ಆದರೆ ಈ ಪುಸ್ತಕವನ್ನು ಓದಿಯೇ ಜಗಳಕ್ಕೆ ಬನ್ನಿ. ಮೊದಲ ಪುಸ್ತಕದ ಆರಂಭದಲ್ಲಿಯೇ ಲಾಕ್‌ವುಡ್ ಮತ್ತು ಲೂಸಿ ಒಂದು ಮನೆಗೆ ಹೋಗುತ್ತಾರೆ. ಜಾರ್ಜ್ ಎಂಬ ಮೂರನೆಯವನ ಕೆಲಸ ಗ್ರಂಥಾಲಯದಲ್ಲಿ ಕೂತು ಆ ಮನೆಯ ಹಳೆಯ ಕತೆಯನ್ನು ಪತ್ರಿಕೆ, ದಾಖಲೆಗಳಲ್ಲಿ ಹುಡುಕುವುದು. ಅವನ ಹುಡುಕಾಟ ಮುಗಿಯುವ ಮೊದಲೇ ಇವರು ಹೊರಡುತ್ತಾರೆ, ಕಬ್ಬಿಣದ ಸರಪಳಿಯೂ ಜೊತೆಗಿಲ್ಲ. ಪರಿಣಾಮ? ಮನೆಗೆ ಬೆಂಕಿ, ತಲೆಯ ಮೇಲೆ 60,000 ಪೌಂಡ್ ಪರಿಹಾರದ ಹೊರೆ. ಮಾಲೆಯುದ್ದಕ್ಕೂ ದೊಡ್ಡ ಗುಟ್ಟುಗಳನ್ನು ಬಿಡಿಸುವುದು ಕತ್ತಿಗಿಂತ ಹೆಚ್ಚಾಗಿ ಜಾರ್ಜ್‌ನ ಕಾಗದಪತ್ರ. ದೆವ್ವ ಎಲ್ಲಿಂದ ಬಂತು, ಯಾರು ಸತ್ತರು, ಯಾರು ಕೊಂದರು, ಅದನ್ನು ಮುಚ್ಚಿಟ್ಟವರು ಯಾರು ಎಂದು ಕೇಳುತ್ತಲೇ ಹೋಗುವ ಕತೆ ಇದು. ಇದಕ್ಕಿಂತ ಹೆಚ್ಚು ಪ್ರಶ್ನೆ ಕೇಳುವುದನ್ನು ನಾನಂತೂ ಪಠ್ಯಪುಸ್ತಕದಲ್ಲಿ ಕಂಡಿಲ್ಲ.

ಮಾಟಗಾರರ ಹಿಡಿತಕ್ಕೆ ಸಿಗುವವರು ಕಾದಂಬರಿ ಓದಿ ಹಾಳಾದವರಲ್ಲ. ರೋಗ, ಸಾಲ, ಹೆಣ್ಣುಮಗುವಿನ ಮದುವೆ, ಇವು ಅವರನ್ನು ಅಲ್ಲಿಗೆ ತಳ್ಳುತ್ತವೆ.

ಪ್ರಶ್ನಾರ್ಥಕ

ಜಾರ್ಜ್ ನನಗೆ ಹಿಡಿಸಬಹುದು. ಉಳಿದದ್ದನ್ನು ಇನ್ನೂ ಒಪ್ಪಿಲ್ಲ.

ಕುಂದಾಪ್ರದ ಹೆಂಗಸು

ಕಾನೂನಿಲ್ಲದ ದೆವ್ವ ಎಂದಾಗ ನನಗೆ ನೆನಪಾದದ್ದು ‘ತುಳಸಿದಳ’. ಯಂಡಮೂರಿ ವೀರೇಂದ್ರನಾಥರ ತೆಲುಗು ಕಾದಂಬರಿ, ಕನ್ನಡಕ್ಕೆ ಬಂದ ಮೇಲೆ ಬಾಡಿಗೆ ಲೈಬ್ರರಿಗಳಲ್ಲಿ ಕೈಯಿಂದ ಕೈಗೆ ಹೋಗುತ್ತಿತ್ತು. ಸಿನಿಮಾ ಕೂಡ ಆಯಿತು. ನಮ್ಮ ತಲೆಮಾರಿಗೆ ಹದಿಹರೆಯದ ದೆವ್ವದ ಪುಸ್ತಕ ಎಂದರೆ ಇದೇ, ಬೇರೆ ಇರಲಿಲ್ಲವಲ್ಲ! ಅದರಲ್ಲಿ ಬರುವ ಕಾಷ್ಮೋರಾ ಎಂಬ ಕ್ಷುದ್ರಶಕ್ತಿಯ ಹೆಸರು ಕೇಳಿದರೆ ಈಗಲೂ ಬೆನ್ನಿನಲ್ಲಿ ಚಳಿ. ಒಂದು ಪುಟ್ಟ ಹುಡುಗಿ ಹಾಸಿಗೆ ಹಿಡಿದಿದ್ದಾಳೆ, ಮಾಟವೋ ರೋಗವೋ ಎಂದು ದೊಡ್ಡವರು ಕಾದಾಡುತ್ತಿದ್ದಾರೆ. ಓದುತ್ತಿದ್ದ ನಾವು ಆ ಹಾಸಿಗೆಯಲ್ಲಿದ್ದ ಹುಡುಗಿಯ ಜಾಗದಲ್ಲಿಯೇ ಇದ್ದೆವು. ಅವಳು ಮಾಡಬಹುದಾದದ್ದು ಏನೂ ಇರಲಿಲ್ಲ. ಅದು ದೊಡ್ಡವರಿಗೆ ಬರೆದ ಪುಸ್ತಕ, ಮಕ್ಕಳು ಕದ್ದು ಓದಿದ್ದು. ವ್ಯತ್ಯಾಸ ಅಲ್ಲಿದೆ ಎಂದು ನನಗೆ ಅನ್ನಿಸುತ್ತದೆ: ಹದಿಹರೆಯದವರ ಪುಸ್ತಕದಲ್ಲಿ ಮಗುವಿನ ಕೈಗೆ ಏನಾದರೂ ಕೆಲಸ ಇರಬೇಕು.

ಚಂದಮಾಮದ ಚಂದಾದಾರ

ನಿವೃತ್ತ ಮೇಷ್ಟ್ರು ನಾನು. ನೀವೆಲ್ಲ ಲಂಡನ್ನು, ವರ್ಜೀನಿಯಾ ಎಂದು ಅಲೆದಾಡುತ್ತಿದ್ದೀರಿ. ನಮ್ಮ ಬೇತಾಳ ಏನು ತಪ್ಪು ಮಾಡಿದ್ದ? 1949ರಲ್ಲಿ ಕನ್ನಡ ‘ಚಂದಮಾಮ’ ಶುರುವಾಯಿತು. ಶಂಕರ್ ಬರೆದ ಚಿತ್ರವನ್ನು ಕಂಡವರು ಯಾರೂ ಮರೆತಿಲ್ಲ: ಕೈಯಲ್ಲಿ ಕತ್ತಿ, ಹೆಗಲ ಮೇಲೆ ಜೋತುಬಿದ್ದ ಹೆಣ, ತಿರುಗಿ ನೋಡುತ್ತ ನಡೆಯುವ ರಾಜ. ನಮ್ಮ ಗ್ರಂಥಾಲಯದ ತಾಯಿ ಹೇಳಿದ ಕಾನೂನು ಅಲ್ಲಿ ಎಷ್ಟು ಬಿಗಿಯಾಗಿದೆ ನೋಡಿ. ಉತ್ತರ ಗೊತ್ತಿದ್ದೂ ಹೇಳದಿದ್ದರೆ ತಲೆ ಸಿಡಿದು ಹೋಳಾಗುತ್ತದೆ. ಹೇಳಿದರೆ ಮೌನ ಮುರಿದು ಬೇತಾಳ ಮರಕ್ಕೆ ಹಾರುತ್ತದೆ. ಎರಡೂ ಕಡೆ ಸೋಲು, ಆದರೂ ನಡೆಯಬೇಕು. ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಸೋಮದೇವ ‘ಕಥಾಸರಿತ್ಸಾಗರ’ದಲ್ಲಿ ಬರೆದಿಟ್ಟ ಆ ಇಪ್ಪತ್ತೈದು ಕತೆಗಳಲ್ಲಿ ಕೆಲವನ್ನು 1870ರಲ್ಲಿ ರಿಚರ್ಡ್ ಬರ್ಟನ್ ಇಂಗ್ಲಿಷಿಗೆ ಒಯ್ದಾಗ ಬೇತಾಳನನ್ನು ವ್ಯಾಂಪೈರ್ ಎಂದೇ ಕರೆದ. ಅಂದರೆ ನಿಮ್ಮ ಎಡ್ವರ್ಡ್‌ಗೆ ನಮ್ಮವನು ಅಜ್ಜನ ಅಜ್ಜ.

ಪುಟ 113

ಮೇಷ್ಟ್ರೇ, ಬೇತಾಳ ನನಗೂ ಇಷ್ಟ. ಆದರೆ ಕಾದಂಬರಿ ಕೇಳಿದವಳಿಗೆ ಬಿಡಿ ಕತೆಗಳ ಕಂತೆ ಕೊಟ್ಟರೆ ಕೈಬಿಡುತ್ತಾಳೆ. ಒಬ್ಬರೊಂದಿಗೇ ನಾನೂರು ಪುಟ ಇರಬೇಕು ಎನ್ನುವ ಹಸಿವು ಅದು. ಆ ವಯಸ್ಸಿನ ಓದುಗರಿಗಾಗಿಯೇ ಕನ್ನಡದಲ್ಲಿ ಯಾರಾದರೂ ಬೇತಾಳನನ್ನು ದೊಡ್ಡ ಕಾದಂಬರಿಯಾಗಿ ಬರೆದರೆ ನಾನು ಮುಂಗಡ ಹಣ ಕೊಟ್ಟು ಕಾಯುತ್ತೇನೆ. ಮಕ್ಕಳ ಕಪಾಟು ಮತ್ತು ದೊಡ್ಡವರ ಕಪಾಟಿನ ನಡುವೆ ನಮ್ಮಲ್ಲಿ ಇರುವುದು ಬರಿಯ ಗೋಡೆ.

ಮಿಷಿಗನ್ ಮಾವ

ಇಲ್ಲಿ ಅಮೆರಿಕದಲ್ಲಿ ಸಮಸ್ಯೆ ಉಲ್ಟಾ ಇತ್ತು. ‘ಟ್ವೈಲೈಟ್’ ಓಡುತ್ತಿದ್ದ ಕಾಲದಲ್ಲಿ ಬಾರ್ನ್ಸ್ ಅಂಡ್ ನೋಬಲ್ ಪುಸ್ತಕ ಮಳಿಗೆಗಳಲ್ಲಿ ‘ಟೀನ್ ಪ್ಯಾರಾನಾರ್ಮಲ್ ರೊಮ್ಯಾನ್ಸ್’ ಎಂದು ಪ್ರತ್ಯೇಕ ಫಲಕವನ್ನೇ ಹಾಕಿದ್ದರು. ಕಪಾಟಿಗೆ ಕಪಾಟೇ ಕಪ್ಪು. ಅಮ್ಮ ಹೇಳಿದ ಅರ್ಧ ಮುಖದ ಹುಡುಗಿಯರೆಲ್ಲ ಆ ಕಾಲದ ಸಂತತಿ.

ನಿಮ್ಮ ಮನೆಯಲ್ಲಿ ಚಿಕ್ಕ ತಮ್ಮನೋ ತಂಗಿಯೋ ಇದ್ದರೆ ಜಾನ್ ಬೆಲ್ಲೇರ್ಸ್ ಅವರ ‘ದಿ ಹೌಸ್ ವಿತ್ ಎ ಕ್ಲಾಕ್ ಇನ್ ಇಟ್ಸ್ ವಾಲ್ಸ್’ (1973) ಕೂಡ ತನ್ನಿ. ಅಪ್ಪ ಅಮ್ಮ ಇಲ್ಲದ ಹತ್ತು ವರ್ಷದ ಹುಡುಗ, ಮಂತ್ರ ಬಲ್ಲ ಚಿಕ್ಕಪ್ಪ, ಗೋಡೆಯೊಳಗೆ ಎಲ್ಲಿಯೋ ಟಿಕ್ ಟಿಕ್ ಎನ್ನುವ ಗಡಿಯಾರ. ಗೆಳೆಯನೊಬ್ಬನ ಮೆಚ್ಚುಗೆ ಗಳಿಸಲು ಹುಡುಗ ಸತ್ತವರನ್ನು ಎಬ್ಬಿಸುತ್ತಾನೆ. ಮಕ್ಕಳು ಎಷ್ಟು ಸಣ್ಣ ಕಾರಣಕ್ಕೆ ಎಷ್ಟು ದೊಡ್ಡ ಅನಾಹುತ ಮಾಡಿಕೊಳ್ಳುತ್ತಾರೆ ಎಂಬುದು ಬೆಲ್ಲೇರ್ಸ್‌ಗೆ ಗೊತ್ತಿತ್ತು. ಎಡ್ವರ್ಡ್ ಗೋರಿಯವರ ಚಿತ್ರಗಳಿರುವ ಪ್ರತಿಯೇ ಸಿಕ್ಕರೆ ಬಿಡಬೇಡಿ. ಕತೆಯ ಊರಿಗೆ ಮಾದರಿಯಾದ ಮಾರ್ಷಲ್ ನಮ್ಮ ರಾಜ್ಯದಲ್ಲಿಯೇ ಇದೆ.

ಒಂಬತ್ತನೇ ಬಿ

ಇಲ್ಲಿ ಹದಿನಾಲ್ಕು ವರ್ಷದವಳು ನಾನೊಬ್ಬಳೇ ಎಂದು ಕಾಣುತ್ತದೆ. ಕಾನೂನಿನ ಮಾತು ಸರಿ. ಆದರೆ ಭಯ ಹುಟ್ಟುವುದು ಕಾನೂನು ಇದ್ದಾಗ ಅಲ್ಲ, ಅದು ಮುರಿಯುವಾಗ. ಉಪ್ಪಿನ ಚೀಲ ಖಾಲಿಯಾಗುತ್ತ ಬರಬೇಕು, ಸರಪಳಿಯ ಒಂದು ಕೊಂಡಿ ಸರಿಯಬೇಕು. ಆಗ ಓದುವುದೇ ಮಜಾ. ಸುಮ್ಮನೆ ಕಪ್ಪು ನೆರಳು ಬಂದು ಕಿರುಚಿದರೆ ನಮಗೆ ನಗು ಬರುತ್ತದೆ.

ಇನ್ನೊಂದು ವಿಷಯ. ‘ನಾನು ಮೊದಲು ಓದಿ ನೋಡುತ್ತೇನೆ’ ಎಂದು ಅಮ್ಮ ಹೇಳಿದರೆ ಆ ಪುಸ್ತಕ ಅಲ್ಲಿಗೇ ಸತ್ತಂತೆ. ಜೊತೆಯಲ್ಲಿ ಓದಿ, ಬೇಕಾದರೆ ಒಂದು ಅಧ್ಯಾಯ ಹಿಂದೆ ಇರಿ.

ನನ್ನ ಕಡೆಯಿಂದ ‘ಎ ಮಾನ್ಸ್ಟರ್ ಕಾಲ್ಸ್’. ತೆಳ್ಳಗಿದೆ, ಚಿತ್ರಗಳಿವೆ, ಒಂದೇ ದಿನದಲ್ಲಿ ಮುಗಿಯುತ್ತದೆ. ಅತ್ತಿದ್ದೇನೆ.

ಮಿಷಿಗನ್ ಮಾವ

ಎಚ್ಚರಿಕೆ. ಅದನ್ನು ದೆವ್ವದ ಪುಸ್ತಕ ಎಂದು ಕೊಟ್ಟರೆ ಮೋಸ ಮಾಡಿದಂತೆ. ಅದು ತಾಯಿ ಸಾಯುತ್ತಿರುವ ಮನೆಯ ಕತೆ.

ಕಪಾಟಿನ ಕಾವಲು

ಇಬ್ಬರ ಮಾತೂ ನಿಜ, ಅದಕ್ಕೇ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ‘ಎ ಮಾನ್ಸ್ಟರ್ ಕಾಲ್ಸ್’ 2011ರದು. ಮೂಲ ಕಲ್ಪನೆ ಶಿವಾನ್ ಡೌಡ್ ಅವರದು. ಅವರು 2007ರಲ್ಲಿ ಸ್ತನ ಕ್ಯಾನ್ಸರಿನಿಂದ ತೀರಿಕೊಂಡರು. ಬರೆದವರು ಪ್ಯಾಟ್ರಿಕ್ ನೆಸ್, ಚಿತ್ರ ಜಿಮ್ ಕೇ. ಬರವಣಿಗೆಗೆ ಕೊಡುವ ಕಾರ್ನೆಗಿ ಪದಕ, ಚಿತ್ರಗಳಿಗೆ ಕೊಡುವ ಗ್ರೀನವೇ ಪದಕ, 2012ರಲ್ಲಿ ಎರಡೂ ಇದಕ್ಕೇ ಬಂದವು. ಹದಿಮೂರರ ಕಾನರ್‌ನ ಕಿಟಕಿಗೆ ರಾತ್ರಿ 12.07ಕ್ಕೆ ಯೂ ಮರವೊಂದು ರಾಕ್ಷಸನಾಗಿ ಬಂದು ನಿಲ್ಲುತ್ತದೆ. ಹುಡುಗ ಹೆದರುವುದಿಲ್ಲ, ಅದಕ್ಕಿಂತ ಭೀಕರವಾದದ್ದನ್ನು ಅವನು ಕನಸಿನಲ್ಲಿ ಕಂಡಿದ್ದಾನೆ. ಮರದ ಕಾನೂನು ಇಷ್ಟೇ: ನಾನು ಮೂರು ಕತೆ ಹೇಳುತ್ತೇನೆ, ನಾಲ್ಕನೆಯದನ್ನು ನೀನು ಹೇಳಬೇಕು, ಅದು ನಿಜವಾಗಿರಬೇಕು. ಯೂ ಮರದಿಂದ ಕ್ಯಾನ್ಸರಿನ ಔಷಧಿ ಸಿಗುತ್ತದೆ ಎಂಬ ಸಂಗತಿಯನ್ನು ನೆಸ್ ಬಳಸಿಕೊಂಡಿರುವ ರೀತಿಗೇ ನಮಸ್ಕಾರ ಹೇಳಬೇಕು.

ಮನೆಯಲ್ಲಿ ಕಾಯಿಲೆ ಇರುವ ಮಗುವಿಗೆ ಇದನ್ನು ಕೊಡಬೇಕೇ? ಶಿಕ್ಷಕರು ನನ್ನನ್ನು ಹೆಚ್ಚಾಗಿ ಕೇಳುವುದು ಇದನ್ನೇ. ಔಷಧಿ ಚೀಟಿ ಬರೆದಂತೆ ‘ನಿನ್ನ ತಾಯಿಗೆ ಹುಷಾರಿಲ್ಲವಲ್ಲ, ಇದನ್ನು ಓದು’ ಎಂದು ಕೈಗೆ ತುರುಕುವುದನ್ನು ನಾನು ಬಲವಾಗಿ ವಿರೋಧಿಸುತ್ತೇನೆ. ಹಾಗೆ ಕೊಟ್ಟರೆ ಎಲ್ಲರಿಗೂ ತನ್ನ ಗುಟ್ಟು ಗೊತ್ತು ಎಂದು ಮಗು ಕುಗ್ಗುತ್ತದೆ. ಕಾನರ್‌ಗೆ ಶಾಲೆಯಲ್ಲಿ ಆಗುವುದೂ ಅದೇ: ಸಂಗತಿ ತಿಳಿದ ಮೇಲೆ ಎಲ್ಲರೂ ಅವನನ್ನು ಮೆತ್ತಗೆ ಮಾತಾಡಿಸುತ್ತಾರೆ, ಅದು ಅವನಿಗೆ ಹೊಡೆತಕ್ಕಿಂತ ನೋವು. ಪುಸ್ತಕ ಕಣ್ಣಿಗೆ ಬೀಳುವ ಕಪಾಟಿನಲ್ಲಿರಲಿ, ಎರವಲು ಪುಸ್ತಕದಲ್ಲಿ ಹೆಸರು ಬರೆಯುವಾಗ ಯಾರೂ ಹುಬ್ಬೇರಿಸದಿರಲಿ. ಬೇಕಾದವರು ತಾವೇ ಬಂದು ಒಯ್ಯುತ್ತಾರೆ, ಅದೂ ಬೇರೆ ಎರಡು ಪುಸ್ತಕಗಳ ನಡುವೆ ಬಚ್ಚಿಟ್ಟುಕೊಂಡು.

ಒಂಬತ್ತನೇ ಬಿ, ಉಪ್ಪಿನ ಚೀಲದ ಮಾತು ಚೆನ್ನಾಗಿದೆ. ನನ್ನ ಮಾತಿಗೆ ಅದನ್ನು ಸೇರಿಸಿಕೊಳ್ಳುತ್ತೇನೆ.

ಪುಟ 113

ಏಡನ್ ಥಾಮಸ್ ಅವರ ‘ಸೆಮೆಟರಿ ಬಾಯ್ಸ್’ (2020) ಕೂಡ ಪಟ್ಟಿಯಲ್ಲಿರಲಿ. ಲಾಸ್ ಏಂಜಲೀಸಿನ ಲ್ಯಾಟಿನೋ ಕುಟುಂಬ, ಸತ್ತವರನ್ನು ಆಚೆ ಕಳಿಸುವುದೇ ಮನೆತನದ ಕಸುಬು. ಹುಡುಗಿಯಾಗಿ ಹುಟ್ಟಿ ಹುಡುಗನಾಗಿ ಬಾಳುತ್ತಿರುವ ಯಾಡ್ರಿಯಲ್‌ಗೆ ಆ ದೀಕ್ಷೆ ಕೊಡಲು ಮನೆಯವರು ಹಿಂಜರಿಯುತ್ತಾರೆ. ಅವನೇ ಒಂದು ಪ್ರೇತವನ್ನು ಕರೆಯುತ್ತಾನೆ, ಅದು ಹೋಗಲು ಒಪ್ಪುವುದಿಲ್ಲ. ತುಂಬ ನಗಿಸುವ ಪುಸ್ತಕ. ಪ್ರೀತಿಯ ಕತೆಯೂ ಹೌದು, ಹಾಗಾಗಿ ನಿಟ್ಟುಸಿರಿನ ಷರತ್ತು ಸಡಿಲವಾದ ಮೇಲೆ.

ಕುಂದಾಪ್ರದ ಹೆಂಗಸು

ಭಾರತದ್ದೇ ಬೇಕು, ಚಿಕ್ಕದಿರಲಿ ಎಂದರೆ ರಸ್ಕಿನ್ ಬಾಂಡ್. ಶಿಮ್ಲಾದ ಪೈನ್ ಕಾಡಿನಲ್ಲಿ ಮುಖವೇ ಇಲ್ಲದ ಹುಡುಗನನ್ನು ಕಾಣುವ ಮೇಷ್ಟ್ರ ಕತೆ ಎರಡು ಪುಟವೂ ಇಲ್ಲ. ನಮ್ಮ ಮನೆಯಲ್ಲಿ ಕರೆಂಟು ಹೋದಾಗಲೆಲ್ಲ ಅದನ್ನು ಯಾರಾದರೊಬ್ಬರು ಹೇಳಲೇಬೇಕು. ಅಲ್ಲಿ ಯಾವ ಕಾನೂನೂ ಇಲ್ಲ, ಗ್ರಂಥಾಲಯದ ಮೇಡಂ! ಆದರೂ ಮಕ್ಕಳು ನಿದ್ದೆ ಮಾಡುತ್ತಾರೆ.

ಕಪಾಟಿನ ಕಾವಲು

ಎರಡು ಪುಟ ಒಂದು ಬೆಚ್ಚು, ಅಷ್ಟೇ. ಮಗು ಆ ದೆವ್ವದ ಜೊತೆ ವಾಸ ಮಾಡಬೇಕಾಗಿಲ್ಲ. ನಾನೂರು ಪುಟದ ಕಾದಂಬರಿಗೆ ಬಾಡಿಗೆ ಕರಾರು ಬೇಕು.

ನಿದ್ದೆಗೆಟ್ಟ ಅಮ್ಮ

ಎಲ್ಲರಿಗೂ ವಂದನೆ. ಅರ್ಧಕ್ಕೆ ಬಿಟ್ಟ ಪುಸ್ತಕ ಯಾವುದು ಎಂದು ಕೇಳಿದೆ. ಟಕ್ಕನೆ ಬಂತು ಉತ್ತರ: ಬಹುಮಾನವಾಗಿ ಬಂದ ಒಂದು ನೀತಿಕತೆಗಳ ಸಂಗ್ರಹ, ‘ಪ್ರತಿ ಕತೆಯ ಕೊನೆಯಲ್ಲಿಯೂ ನನಗೆ ಬುದ್ಧಿ ಹೇಳುತ್ತಾರೆ’ ಎಂಬ ಕಾರಣಕ್ಕೆ. ‘ಲಾಕ್‌ವುಡ್’ನ ಮೊದಲ ಪುಸ್ತಕ ತರಿಸಿದ್ದೇನೆ. ಮೊದಲು ನಾನು ಓದುವುದಿಲ್ಲ, ಒಂದು ಅಧ್ಯಾಯ ಹಿಂದೆಯೇ ಇದ್ದೇನೆ. ಅವಳ ಅಪ್ಪ ಈಗ ‘ಆ ಜಾರ್ಜ್ ಯಾರು’ ಎಂದು ಕೇಳುತ್ತಿದ್ದಾರೆ. ಇದರ ಮೇಲೆ ಬಂದ ನೆಟ್‌ಫ್ಲಿಕ್ಸ್ ಸರಣಿಯನ್ನು ಮೊದಲೇ ತೋರಿಸಬಹುದೇ?

ಒಂಬತ್ತನೇ ಬಿ

ಬೇಡ! ಓದಿದ ಮೇಲೆ. 2023ರಲ್ಲಿ ಒಂದೇ ಸೀಸನ್ ಬಂದು ನಿಂತುಹೋಯಿತು, ಆ ಸಿಟ್ಟು ಬೇರೆ ಸೇರಿಕೊಳ್ಳುತ್ತದೆ.

ಕಪಾಟಿನ ಕಾವಲು

ಸರಣಿಯನ್ನು ಆಮೇಲೆ ನೋಡಿ. ಕೊಳ್ಳುವಾಗ ಮಾತ್ರ ಒಂದು ಎಚ್ಚರ: ಮೂರನೆಯ ಪುಸ್ತಕ ‘ದಿ ಹಾಲೋ ಬಾಯ್’ ಅನ್ನು ಒಂಟಿಯಾಗಿ ಮನೆಗೆ ತರಬೇಡಿ, ನಾಲ್ಕನೆಯದೂ ಜೊತೆಗಿರಲಿ. ಮೂರರ ಕೊನೆಯ ಪುಟ ಮುಗಿಸಿ ರಾತ್ರಿ ಹನ್ನೊಂದಕ್ಕೆ ನಿಮ್ಮನ್ನು ಎಬ್ಬಿಸುತ್ತಾಳೆ, ಆ ಹೊತ್ತಿನಲ್ಲಿ ಯಾವ ಅಂಗಡಿಯೂ ತೆರೆದಿರುವುದಿಲ್ಲ.